ಬೆಳಕಿನಲ್ಲಿ ಬಗ್ಗಡ ಅಳೆಯುವ ಉಪಕರಣ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಅಳಿವೆಯ ನೀರಿನಲ್ಲಿ ಎಷ್ಟು ಮಣ್ಣು ತೇಲುತ್ತಿದೆ ಎಂಬುದನ್ನು ನೀರು ಮುಟ್ಟದೆಯೇ ತಿಳಿಯಲು ಹೊರಟವರ ಸಾಲಿಗೆ ತಾವೂ ಸೇರಿದ್ದೀರಿ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಪೂರ್ತಿ ಓದಿದವರಲ್ಲಿ ಹೆಚ್ಚಿನವರು ನೀರು ಮುಟ್ಟದೆ ಗತಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅಷ್ಟರಲ್ಲಿ ಮಾಲು ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ.

ಈ ಮಾದರಿಯನ್ನು ಅಘನಾಶಿನಿ ಅಳಿವೆಗೆಂದು ಸಿದ್ಧಪಡಿಸಲಾಗಿದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿನ ಮುಖ ನೋಡದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಹೊಳೆ ಇದು. ಬಾಯಿಯ ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ಹೊಳೆಯ ಹೆಸರಿನದೇ ಊರು. ನಡುವೆ ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ಹೊರಗೆ ಹೋಗುವ ಉಪ್ಪುನೀರು. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ, ಇಳಿತದ ಹೊತ್ತಿಗೆ ಕೆಸರಿನಲ್ಲಿ ಚಿಪ್ಪು ಹೆಕ್ಕುವವರು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ತಾವು ನೇತ್ರಾವತಿ, ಗಂಗೊಳ್ಳಿ ಅಥವಾ ಕಾಳಿಯ ಅಳಿವೆಯಲ್ಲಿ ಇದ್ದರೆ ಇಲ್ಲಿನ ಅಂಕಿಗಳನ್ನು ಹಾಗೇ ಬಳಸಬಾರದು. ಅಘನಾಶಿನಿಯಲ್ಲೇ ಇದ್ದರೂ ಹಾಗೇ ಬಳಸಬಾರದು. ಕಾರಣ ಮುಂದೆ ಬರುತ್ತದೆ.

ಪೆಟ್ಟಿಗೆಯಲ್ಲಿ ಇರುವುದು, ಇಲ್ಲದಿರುವುದು

ಉಪಕರಣದ ಮುಖ್ಯ ಭಾಗ ಸೂರ್ಯ. ಜೋಡಣೆ ಬೇಕಿಲ್ಲ, ಚಾರ್ಜ್ ಮಾಡಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಸ್ತಾನು ಖಾತ್ರಿಯಿಲ್ಲ.

ಎರಡನೆಯ ಭಾಗ ಬೂದು ರಟ್ಟು. ಫೋಟೊ ತೆಗೆಯುವವರು ಬೆಳಕು ಹೊಂದಿಸಿಕೊಳ್ಳಲು ಇಟ್ಟುಕೊಳ್ಳುತ್ತಾರಲ್ಲ, ಅದೇ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುವುದು ಅದರ ಏಕೈಕ ವಿದ್ಯೆ. ಪ್ರಯೋಗಾಲಯದವರ ಬಳಿ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುವ ಬಿಳಿ ಫಲಕ ಇರುತ್ತದೆ. ಅದರ ಬೆಲೆ ಗೊತ್ತಿದ್ದವರು ಅದನ್ನು ದೋಣಿಗೆ ಹತ್ತಿಸುವಾಗ ಮಗುವನ್ನು ಹತ್ತಿಸುವುದಕ್ಕಿಂತ ಹೆಚ್ಚು ಎಚ್ಚರ ವಹಿಸುತ್ತಾರೆ. ಬೂದು ರಟ್ಟಿನ ಮೇಲೆ ಬಂಗಡೆಯ ಹುರುಪೆ ಅಂಟಲು ಬಿಡಬಾರದು. ಅಂಟಿದರೆ ಅದು ಶೇ 18 ಆಗಿ ಉಳಿಯುವುದಿಲ್ಲ, ಮತ್ತು ಆ ಸಂಗತಿಯನ್ನು ಅದು ತಾನಾಗಿ ತಿಳಿಸುವುದೂ ಇಲ್ಲ.

ಮೂರನೆಯದು ತಮ್ಮದೇ ಫೋನ್. ಅದರ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಥಾಮಸ್ ಲೀವ್ ಮತ್ತು ಇಮ್ಯಾನ್ಯುಯೆಲ್ ಬಾಸ್ 2018ರ ಲೇಖನವೊಂದರಲ್ಲಿ ವಿವರಿಸಿದ ‘ಹೈಡ್ರೊಕಲರ್’ ಆ್ಯಪ್ ಇದೇ ಮೂರು ಪಾಲನ್ನೂ ಇದೇ ಬೂದು ರಟ್ಟನ್ನೂ ನೆಚ್ಚಿಕೊಂಡಿದೆ. ಒಂದು ಎಚ್ಚರಿಕೆ: ಫೋನುಗಳಿಗೆ ಚಿತ್ರವನ್ನು ಚೆಂದ ಮಾಡುವ ಚಾಳಿ ಇದೆ. ಕೆಂಪು ನೀರು ಕಂಡ ಕೂಡಲೇ ಪಾಪ ಎಂದು ಅದಕ್ಕೆ ಒಂದಿಷ್ಟು ನೀಲಿ ಸೇರಿಸಿ, ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರಿಗೆ ಒಪ್ಪುವಂತೆ ತಿದ್ದಿಬಿಡುತ್ತದೆ. ಹಾಗಾಗಿ ಸಂವೇದಕದಿಂದ ಬಂದ ತಿದ್ದದ ಕಚ್ಚಾ ಫೈಲನ್ನೇ ಉಳಿಸಿಕೊಳ್ಳುವಂತೆ ಹೊಂದಿಸತಕ್ಕದ್ದು.

ದೋಣಿ, ದೋಣಿ ನಡೆಸುವವರು, ಸುಮ್ಮನಿರುವ ಗಾಳಿ ಇವು ಪೆಟ್ಟಿಗೆಯಲ್ಲಿ ಇಲ್ಲ. ಗಾಜಿನ ನಾರಿನ ಸೋಸುಕಾಗದ ಒಂದು ಡಬ್ಬಿ ಮತ್ತು ಬಟ್ಟಿ ಇಳಿಸಿದ ನೀರಿನ ದೊಡ್ಡ ಕ್ಯಾನು ಇವೆ. ಬೆಳಕಿನ ಉಪಕರಣಕ್ಕೆ ಸೋಸುಕಾಗದ ಯಾಕೆ ಎಂದು ಈಗಲೇ ಕೇಳಬೇಡಿ.

ಕೆಲಸ ಮಾಡುವ ಬಗೆ

ನೀರೊಳಗೆ ಹೊಕ್ಕ ಬೆಳಕಿಗೆ ಎರಡೇ ಗತಿ: ಹೀರಿಹೋಗುವುದು, ಇಲ್ಲವೇ ಏನಕ್ಕಾದರೂ ಬಡಿದು ದಿಕ್ಕು ತಪ್ಪುವುದು. ಶುದ್ಧ ನೀರಿಗೆ ಕೆಂಪಿನ ಮೇಲೆ ಹಸಿವು ಹೆಚ್ಚು, ನೀಲಿಯ ಮೇಲೆ ಕಡಿಮೆ. 650 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕು ಶುದ್ಧ ನೀರಿನಲ್ಲಿ ಮೂರು ಮೀಟರ್ ಸಾಗುವಷ್ಟರಲ್ಲಿ ಸುಮಾರು ಮೂರನೇ ಎರಡು ಪಾಲು ಮಾಯವಾಗುತ್ತದೆ. ಕಣ್ಣಿಗೆ ಕಾಣದ 865 ನ್ಯಾನೊಮೀಟರಿನ ಅವಕೆಂಪಿಗೆ ಅದೇ ಗತಿ ಒಂದು ಗೇಣು ನೀರಿನಲ್ಲೇ. ಆದ್ದರಿಂದ ತಿಳಿಗಡಲಿನಿಂದ ಕೆಂಪು ಹಿಂದಕ್ಕೆ ಬರುವುದೇ ಅಪರೂಪ. ಅದೇ ನೀರಿಗೆ ಮಣ್ಣಿನ ಕಣ ಬೆರೆತರೆ, ನೀರು ನುಂಗುವ ಮೊದಲೇ ಕಣಗಳು ಕೆಂಪು ಬೆಳಕನ್ನು ಮೇಲಕ್ಕೆ ತಳ್ಳುತ್ತವೆ. ಮಣ್ಣು ಹೆಚ್ಚಿದಷ್ಟೂ ಹಿಂದಕ್ಕೆ ಬರುವ ಕೆಂಪು ಹೆಚ್ಚು. ಸಿದ್ಧಾಂತ ಇಷ್ಟೇ. ಇಲ್ಲಿಗೆ ನಿಲ್ಲಿಸುವಂತಿದ್ದರೆ ಕೈಪಿಡಿ ಒಂದು ಹಾಳೆಯಲ್ಲಿ ಮುಗಿದು ಮುದ್ರಣದ ಖರ್ಚು ಉಳಿಯುತ್ತಿತ್ತು.

ನೀಲಿಯನ್ನು ಯಾಕೆ ಬಳಸಬಾರದು ಎಂದು ಕೇಳುವವರಿಗೆ: ನೀಲಿಗೆ ಗಿರಾಕಿಗಳು ಬಹಳ. ಘಟ್ಟದ ಕಾಡಿನಲ್ಲಿ ಎಲೆ ಕೊಳೆತು ಇಳಿಯುವ ಹಳದಿ ಕಷಾಯ ನೀಲಿಯನ್ನು ಹೀರುತ್ತದೆ. ನೀರಿನ ಪಾಚಿ ಹೀರುತ್ತದೆ. ಚಿರೆಕಲ್ಲಿನ ನಾಡಿನ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಹೀರುತ್ತದೆ. ಆ ಮಣ್ಣು ಕೆಂಪಗೆ ಕಾಣುವುದೇ ಅದರಿಂದ. ನೀಲಿ ಕಡಿಮೆಯಾದಾಗ ಯಾರು ತಿಂದರು ಎಂದು ಹೇಳಲಾಗದು. ಕೆಂಪಿನ ವ್ಯವಹಾರದಲ್ಲಿ ಪಾಲುದಾರರು ಕಡಿಮೆ, ಲೆಕ್ಕ ಸ್ವಲ್ಪ ನೇರ.

ಇನ್ನು ಉಪ್ಪು. ಕರಗಿದ ಉಪ್ಪಿಗೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನೊಡನೆ ಹೇಳಿಕೊಳ್ಳುವಂಥ ತಕರಾರಿಲ್ಲ. ಲೀಟರಿಗೆ 35 ಗ್ರಾಂ ಉಪ್ಪಿದ್ದರೂ ಬೆಳಕು ಅದನ್ನು ಲೆಕ್ಕಕ್ಕೆ ಇಡದೆ ದಾಟಿಹೋಗುತ್ತದೆ. ಇದನ್ನು ಓದಿ, ‘ಹಾಗಿದ್ದರೆ ಉಪ್ಪುನೀರಾದರೇನು ಸಿಹಿನೀರಾದರೇನು’ ಎಂದು ಸಮಾಧಾನಪಟ್ಟುಕೊಂಡವರು ತೂಕದ ಅಧ್ಯಾಯವನ್ನು ಎರಡು ಸಲ ಓದತಕ್ಕದ್ದು.

ಹಳೆಯ ಮಾದರಿ

ಈ ಉಪಕರಣಕ್ಕೆ ಒಬ್ಬ ಹಿರಿಯರಿದ್ದಾರೆ. 1865ರಲ್ಲಿ ಪೋಪರ ನೌಕಾದಳದ ಮುಖ್ಯಸ್ಥ ಅಲೆಸ್ಸಾಂದ್ರೊ ಚಿಯಾಲ್ದಿ, ಕಡಲ ನೀರು ಎಷ್ಟು ತಿಳಿಯಾಗಿದೆ ಎಂದು ನೋಡಿಕೊಡಲು ಪಾದ್ರಿ ಆಂಜೆಲೊ ಸೆಕ್ಕಿಯನ್ನು ಹಡಗಿಗೆ ಕರೆಸಿಕೊಂಡ. ಸೆಕ್ಕಿಯ ನಿಜವಾದ ಕಸುಬು ನಕ್ಷತ್ರಗಳ ಬೆಳಕನ್ನು ಬಗೆಬಗೆಯಾಗಿ ವಿಂಗಡಿಸುವುದು. ಮೇಲೆ ನೋಡುತ್ತಿದ್ದ ಮನುಷ್ಯ ಕೆಳಗೆ ನೋಡಿದ, ಅಷ್ಟೇ. ತಟ್ಟೆಗಳನ್ನು ಹಗ್ಗಕ್ಕೆ ಕಟ್ಟಿ ಮೆಡಿಟರೇನಿಯನ್ ಕಡಲಿಗೆ ಇಳಿಸಿದ, ಕಣ್ಮರೆಯಾದ ಆಳವನ್ನು ಬರೆದುಕೊಂಡ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ತಟ್ಟೆ ಎಷ್ಟು ದೊಡ್ಡದು, ನೋಡುವವನು ನೆರಳಿನಲ್ಲಿದ್ದಾನೋ ಬಿಸಿಲಿನಲ್ಲೋ ಎಂಬುದನ್ನೂ ಪರೀಕ್ಷಿಸಿದ. ಸೆಕ್ಕಿ ತಟ್ಟೆ ಇಂದಿಗೂ ಮಾರುಕಟ್ಟೆಯಲ್ಲಿದೆ: ಇಪ್ಪತ್ತು ಸೆಂಟಿಮೀಟರಿನದು, ಸಾಮಾನ್ಯವಾಗಿ ಕಪ್ಪು-ಬಿಳಿ ಕಾಲುಭಾಗಗಳದು. ಸಾಫ್ಟ್‌ವೇರ್ ಅಪ್‌ಡೇಟ್ ಕೇಳುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ನಮ್ಮ ಉಪಕರಣ ಕೊಂಡವರು ಜೊತೆಗೆ ಅದನ್ನೂ ಒಂದು ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಮಾರಾಟ ವಿಭಾಗದ ವಿರೋಧದ ನಡುವೆಯೂ ಶಿಫಾರಸು ಮಾಡುತ್ತೇವೆ.

ಅಳತೆ ತೆಗೆಯುವ ಕ್ರಮ

ಹೊತ್ತು ಆರಿಸಿಕೊಳ್ಳಿ. ಸೂರ್ಯ ನಡುನೆತ್ತಿಯ ಮೇಲಿದ್ದರೆ ನೀರಿನ ಮೇಲ್ಮೈಯಲ್ಲಿ ಅವನೇ ಹೊಳೆಯುತ್ತಾನೆ, ಮಣ್ಣು ಕಾಣುವುದಿಲ್ಲ. ತದಡಿ ಇರುವ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮಧ್ಯದಲ್ಲೂ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೇರ ತಲೆಯ ಮೇಲೇ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ ಊಟ ಮಾಡಿ. ತೀರಾ ಮುಂಜಾನೆಯೂ ಬೇಡ, ಓರೆ ಬಿಸಿಲು ನೀರಿನೊಳಗೆ ಸರಿಯಾಗಿ ಇಳಿಯುವುದಿಲ್ಲ.

ದೋಣಿಯಲ್ಲಿ ಬಿಸಿಲಿರುವ ಕಡೆ ನಿಲ್ಲಿ. ಸೂರ್ಯನಿರುವ ದಿಕ್ಕಿನಿಂದ 135 ಡಿಗ್ರಿ ತಿರುಗಿ. ಅಂದರೆ ಸೂರ್ಯನಿಗೆ ಪೂರ್ತಿ ಬೆನ್ನು ಹಾಕಬೇಡಿ, ಅರೆಬೆನ್ನು ಹಾಕಿ. ಪೂರ್ತಿ ಬೆನ್ನು ಹಾಕಿದರೆ ತಮ್ಮದೇ ನೆರಳಿನ ಫೋಟೊ ಸಿಗುತ್ತದೆ, ಎದುರು ನಿಂತರೆ ಹೊಳಪಿನದು. ಕ್ಯಾಮೆರಾವನ್ನು ನೇರ ಕೆಳಗಿನಿಂದ 40 ಡಿಗ್ರಿ ಮೇಲೆತ್ತಿ ನೀರನ್ನು ತೆಗೆಯಿರಿ. ಅದೇ ದಿಕ್ಕಿನಲ್ಲಿ, ನೆತ್ತಿಯಿಂದ 40 ಡಿಗ್ರಿ ಇಳಿಸಿ ಆಕಾಶವನ್ನು ತೆಗೆಯಿರಿ. ಆಮೇಲೆ ಬೂದು ರಟ್ಟನ್ನು ಮಟ್ಟಸವಾಗಿ ಹಿಡಿದು ಅದನ್ನು ತೆಗೆಯಿರಿ. ಮೂರೂ ಚಿತ್ರಗಳ ನಡುವೆ ಮೋಡ ಅಡ್ಡ ಬಂದರೆ ಮೂರನ್ನೂ ಅಳಿಸಿ ಮೊದಲಿನಿಂದ.

ಮಟ್ಟಸ ಎಂಬ ಪದ ದೋಣಿಯಲ್ಲಿ ನಗೆಗೆ ಕಾರಣವಾಗಬಹುದು. ಈ ಭಂಗಿಯಲ್ಲಿ ತಮ್ಮನ್ನು ಕಂಡು ದೋಣಿಯವರು, ‘ಎಂತ ತೆಗೀತ್ರಿ ಮಾಸ್ತರೇ, ಬರೀ ರಾಡಿ ನೀರಲ್ವಾ ಅದು’ ಎಂದು ಕೇಳಿದರೆ ಹೌದು ಎನ್ನಿ. ಅವರು ಹೇಳಿದ್ದು ಸರಿಯಾಗಿದೆ, ತಮ್ಮ ಅಳತೆ ಅದಕ್ಕೆ ದಶಮಾಂಶ ಸೇರಿಸುತ್ತದೆ. ನೀರು ಯಾವಾಗ ಕೆಂಪಾಯಿತು, ಯಾವ ಮಳೆಗೆ, ಭರತದಲ್ಲೋ ಇಳಿತದಲ್ಲೋ ಎಂದು ಅವರನ್ನೇ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಕಡ್ಡಾಯ. ಈ ಕಾಲಂ ಖಾಲಿ ಬಿಟ್ಟವರ ಉಳಿದ ಅಂಕಿಗಳನ್ನು ನಾವು ನಂಬುವುದಿಲ್ಲ.

ಲೆಕ್ಕ

ನೀರಿನ ಚಿತ್ರದ ಕೆಂಪು 120, ಆಕಾಶದ ಕೆಂಪು 1000, ರಟ್ಟಿನ ಕೆಂಪು 900 ಬಂತು ಎಂದಿಟ್ಟುಕೊಳ್ಳಿ. ನೀರಿನ 120 ಪೂರ್ತಿ ನೀರಿನದಲ್ಲ. ಮೇಲ್ಮೈ ಕನ್ನಡಿಯಾಗಿ ಆಕಾಶವನ್ನೂ ಒಂದಿಷ್ಟು ತೋರಿಸಿರುತ್ತದೆ. ಗಾಳಿ ಮೆಲ್ಲಗಿದ್ದಾಗ, ಮೇಲೆ ಹೇಳಿದ ಕೋನದಲ್ಲಿ ಆ ಪಾಲು ಆಕಾಶದ ಸುಮಾರು 0.028ರಷ್ಟು. ಅಂದರೆ ಇಲ್ಲಿ 28. ಅದನ್ನು ಕಳೆದರೆ ಉಳಿದದ್ದು 92. ಇದನ್ನು ರಟ್ಟಿನ 900ರಿಂದ ಭಾಗಿಸಿ, ರಟ್ಟು ಹಿಂದಿರುಗಿಸುವುದು ಶೇ 18 ಮಾತ್ರವಾದ್ದರಿಂದ 0.18ರಿಂದ ಗುಣಿಸಿ. 0.0184. ನೀರಿನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ಶೇ 1.84ರಷ್ಟು ನೀರಿನ ಒಳಹೊಕ್ಕು ಹೊರಬಂದಿದೆ ಎಂದು ಅರ್ಥ. ಇಷ್ಟು ಪ್ರಾಮಾಣಿಕ ಅಂಕಿ ಇಡೀ ಕೈಪಿಡಿಯಲ್ಲಿ ಇನ್ನೊಂದಿಲ್ಲ.

ಇಲ್ಲಿಂದ ಮುಂದೆ ಸೂತ್ರ. ಬೆಲ್ಜಿಯಂನ ಬುಷ್ರಾ ನೆಶಾದ್ ಮತ್ತು ಸಂಗಡಿಗರು 2010ರಲ್ಲಿ ಕೊಟ್ಟ ರೂಪವನ್ನು ಬಳಸಿ ಅರ್ಜೆಂಟೀನಾದ ಆನಾ ದೊಗ್ಲಿಯೊತ್ತಿ ಮತ್ತು ಸಂಗಡಿಗರು 2015ರಲ್ಲಿ ಕದಡಿಕೆಯ ಸೂತ್ರ ಪ್ರಕಟಿಸಿದರು. 645 ನ್ಯಾನೊಮೀಟರಿನ ಕೆಂಪಿಗೆ ಅದು ಹೀಗೆ: ಪ್ರತಿಫಲನವನ್ನು 228.1ರಿಂದ ಗುಣಿಸಿ, ಪ್ರತಿಫಲನವನ್ನು 0.1641ರಿಂದ ಭಾಗಿಸಿ ಬಂದದ್ದನ್ನು ಒಂದರಿಂದ ಕಳೆಯಿರಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ನಮ್ಮ 0.0184 ಹಾಕಿದರೆ 4.7 ಬರುತ್ತದೆ. ಫೋನಿನ ಕೆಂಪು ಪಾಲು ಬಹಳ ಅಗಲ, 645ರ ಕಿರಿದಾದ ಪಟ್ಟಿಯಲ್ಲ. ಆದ್ದರಿಂದ ಈ 4.7ನ್ನು ಕಂಚಿನಲ್ಲಿ ಕೆತ್ತಿಸಬೇಡಿ.

ಈ ಸೂತ್ರದ ಸ್ವಭಾವ ಪರಿಚಯವಿರಲಿ. ಪ್ರತಿಫಲನ 0.15 ಆದರೆ ಉತ್ತರ 398. ಅದು 0.16 ಆದರೆ 1461! ನೀರಿನಲ್ಲಿ ಮಣ್ಣು ಬಹಳವಾದಾಗ ಕೆಂಪು ಬೆಳಕು ತುಂಬಿಹೋಗುತ್ತದೆ. ಇನ್ನೆಷ್ಟು ಮಣ್ಣು ಸುರಿದರೂ ಅದಕ್ಕಿಂತ ಹೆಚ್ಚು ಬೆಳಗಲಾರದು. ಆಗ ಫೋನು ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಸಾವಿರಗಟ್ಟಲೆ ತಪ್ಪುತ್ತದೆ. ಅದಕ್ಕೇ ದೊಗ್ಲಿಯೊತ್ತಿಯವರ ಕ್ರಮದಲ್ಲಿ ಪ್ರತಿಫಲನ 0.05 ಮುಟ್ಟುವವರೆಗೆ ಕೆಂಪು, 0.07 ದಾಟಿದ ಮೇಲೆ 859 ನ್ಯಾನೊಮೀಟರಿನ ಅವಕೆಂಪು, ನಡುವೆ ಎರಡರ ಬೆರಕೆ. ನೀರಿಗೆ ಅವಕೆಂಪಿನ ಹಸಿವು ಎಷ್ಟು ಜೋರೆಂದರೆ ಅದು ತುಂಬಿಹೋಗಲು ಬಹಳ ಮಣ್ಣು ಬೇಕು. ಫೋನಿನ ಕ್ಯಾಮೆರಾ ಅವಕೆಂಪನ್ನು ಬೇಕೆಂದೇ ತಡೆಯುತ್ತದೆ ಎಂಬುದನ್ನು ಈ ಹಂತದಲ್ಲಿ ತಿಳಿಸಲು ವಿಷಾದಿಸುತ್ತೇವೆ.

ಇನ್ನೊಂದು ವಿಷಾದ. ಬಂದ ಉತ್ತರ ತೂಕವಲ್ಲ. ಅದು ಕದಡಿಕೆ, ಫಾರ್ಮಜಿನ್ ಎಂಬ ರಾಸಾಯನಿಕದ ಬಿಳಿ ಬಗ್ಗಡಕ್ಕೆ ಹೋಲಿಸಿ ಕೊಟ್ಟ ದರ್ಜೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಮಣ್ಣು ಎಂದು ಕೇಳಿದವರಿಗೆ ಫಾರ್ಮಜಿನ್ ಲೆಕ್ಕ ಕೊಟ್ಟರೆ ಅವರು ಸುಮ್ಮನಾಗುವುದಿಲ್ಲ. ಬಂದರಿನ ಹೂಳೆತ್ತುವ ಗುತ್ತಿಗೆದಾರರಂತೂ ಖಂಡಿತ ಸುಮ್ಮನಾಗುವುದಿಲ್ಲ. ಆದ್ದರಿಂದ ತೂಗಲೇಬೇಕು.

ತೂಕ

ಬೆಳಕನ್ನು ಅಳೆದ ಜಾಗದಲ್ಲೇ, ಅಳೆದ ಹೊತ್ತಿಗೇ, ಬಾಟಲಿಯಲ್ಲಿ ನೀರು ತುಂಬಿಕೊಳ್ಳಿ. ನೀರು ಮುಟ್ಟದೆ ಅಳೆಯುವ ಉಪಕರಣದ ಬಳಕೆದಾರರು ಮೊಣಕೈವರೆಗೆ ಒದ್ದೆಯಾಗುವ ಹಂತ ಇದು. ಮೊದಲೇ ಒಣಗಿಸಿ ತೂಗಿಟ್ಟ ಸೋಸುಕಾಗದದ ಮೇಲೆ ಪಂಪಿನ ಸಹಾಯದಿಂದ ಒಂದು ಲೀಟರ್ ಸೋಸಿ. ಕಾಗದದ ರಂಧ್ರ ಸುಮಾರು 0.7 ಮೈಕ್ರಾನ್, ತಕ್ಕಡಿ ಗ್ರಾಮಿನ ಹತ್ತುಸಾವಿರದ ಒಂದು ಭಾಗವನ್ನೂ ಗುರುತಿಸುವಂಥದ್ದು. ಕಾಗದವನ್ನು ಒಲೆಯಲ್ಲಿ ಒಣಗಿಸಿ ಮತ್ತೆ ತೂಗಿ, ಹೆಚ್ಚಿದ್ದು ಮಣ್ಣು.

ಸಿಹಿನೀರಿನಲ್ಲಿ ಇದು ನಿಜ. ಉಪ್ಪುನೀರಿನಲ್ಲಿ ಹೆಚ್ಚಿದ್ದು ಮುಖ್ಯವಾಗಿ ಉಪ್ಪು.

ಲೆಕ್ಕ ನೋಡಿ. ಕಡಲ ನೀರಿನ ಒಂದು ಲೀಟರಿನಲ್ಲಿ ಉಪ್ಪು 35,000 ಮಿಲಿಗ್ರಾಂ. ತಿಳಿಯಾದ ದಿನ ತೇಲುವ ಮಣ್ಣು ಹತ್ತಿಪ್ಪತ್ತು ಮಿಲಿಗ್ರಾಂ. ಸೋಸಿದ ಮೇಲೆ ಕಾಗದದ ನಾರುಗಳ ನಡುವೆ ಒಂದೇ ಒಂದು ಮಿಲಿಲೀಟರ್ ನೀರು ಉಳಿದು ಒಣಗಿದರೆ ಅದೊಂದೇ 35 ಮಿಲಿಗ್ರಾಂ ಉಪ್ಪು ಬಿಟ್ಟುಹೋಗುತ್ತದೆ, ಅಂದರೆ ತೂಗಲು ಹೊರಟ ಮಣ್ಣಿಗಿಂತ ಹೆಚ್ಚು. ಬೆಳಕು ಉಪ್ಪನ್ನು ಕಾಣಲೊಲ್ಲದು, ತಕ್ಕಡಿ ಉಪ್ಪನ್ನು ಬಿಟ್ಟು ಬೇರೇನನ್ನೂ ಕಾಣಲೊಲ್ಲದು. ಸಾಣಿಕಟ್ಟಾದಲ್ಲಿ ಎಕರೆಗಟ್ಟಲೆ ಪಾತಿಗಳಲ್ಲಿ ನಡೆಯುವ ಉದ್ಯಮವನ್ನೇ ತಾವು ಹಪ್ಪಳದಷ್ಟಗಲದ ಕಾಗದದ ಮೇಲೆ ನಡೆಸಿದಂತಾಯಿತು.

ಈಗ ಬಟ್ಟಿ ಇಳಿಸಿದ ನೀರಿನ ಕ್ಯಾನು ತೆರೆಯಿರಿ. ಸೋಸಿದ ಕೂಡಲೇ, ಕಾಗದ ಒಣಗುವ ಮೊದಲೇ, ಅದರ ಮೇಲೆ ಶುದ್ಧ ನೀರು ಸುರಿದು ತೊಳೆಯಿರಿ. ಮತ್ತೊಮ್ಮೆ ತೊಳೆಯಿರಿ. ಆಮೇಲೆ ಸೋಸುಬಟ್ಟಲನ್ನು ತೆಗೆದು ಕಾಗದದ ಅಂಚನ್ನು ತೊಳೆಯಿರಿ. ಅಂಚನ್ನೇ ಎಲ್ಲರೂ ಮರೆಯುವುದು. ಬಟ್ಟಲಿನ ಅಂಚಿನ ಕೆಳಗೆ ಅಡಗಿ ಕೂತ ಉಪ್ಪಿಗೆ ನಡುವೆ ಸುರಿದ ನೀರು ತಾಕುವುದೇ ಇಲ್ಲ.

ತೊಳೆದ ಮೇಲೂ ಸ್ವಲ್ಪ ಉಪ್ಪು ಉಳಿಯುತ್ತದೆ ಎಂದು ಅನುಮಾನಿಸುವ ಸ್ವಭಾವ ತಮ್ಮದಾದರೆ ತಾವು ಈ ಕೆಲಸಕ್ಕೆ ಯೋಗ್ಯರು. ಅದಕ್ಕೊಂದು ಉಪಾಯವಿದೆ. ಒಂದೇ ನೀರನ್ನು ಮೂರು ಕಾಗದಗಳ ಮೇಲೆ ಅರ್ಧ ಲೀಟರ್, ಒಂದು ಲೀಟರ್, ಎರಡು ಲೀಟರ್ ಎಂದು ಬೇರೆಬೇರೆ ಸೋಸಿ. ಉದಾಹರಣೆಗೆ 7, 12, 22 ಮಿಲಿಗ್ರಾಂ ಬಂತು ಎನ್ನಿ. ಅರ್ಧ ಲೀಟರಿಗೆ 5ರಂತೆ ಏರುತ್ತಿದೆ, ಅಂದರೆ ಮಣ್ಣು ಲೀಟರಿಗೆ 10. ಎಷ್ಟೇ ಸೋಸಿದರೂ ಬದಲಾಗದೆ ಕೂತಿರುವ 2 ಮಿಲಿಗ್ರಾಂ ಕಾಗದ ಹಿಡಿದಿಟ್ಟುಕೊಂಡ ಉಪ್ಪಿನದು. ಒಂದೇ ಕಾಗದ ಸೋಸಿ ಮನೆಗೆ ಹೋದವರು ಅದನ್ನು ಮಣ್ಣಿನ ಖಾತೆಗೆ ಹಾಕಿಕೊಂಡಿರುತ್ತಾರೆ. ನನ್ನ ಮಟ್ಟಿಗೆ ಇಡೀ ಕಸುಬಿನಲ್ಲಿ ಇಷ್ಟು ಅಗ್ಗದ, ಇಷ್ಟು ಜಾಣ ಕ್ರಮ ಇನ್ನೊಂದಿಲ್ಲ. ಉಪಗ್ರಹದ ಬಗ್ಗೆ ಸಮ್ಮೇಳನಗಳು ನಡೆಯುತ್ತವೆ, ಮೂರು ಕಾಗದದ ಬಗ್ಗೆ ಯಾರೂ ನಡೆಸುವುದಿಲ್ಲ.

(ಕೈಪಿಡಿಯಲ್ಲಿ ‘ನನ್ನ ಮಟ್ಟಿಗೆ’ ಎಂದು ಬರೆಯಬಾರದು ಎಂದು ಸಂಪಾದಕರು ಸೂಚಿಸಿದ್ದಾರೆ. ಸೂಚನೆಯನ್ನು ಕಡತದಲ್ಲಿ ಇರಿಸಲಾಗಿದೆ.)

ಹೀಗೆ ಮಳೆಗಾಲದ ಆರಂಭದಲ್ಲಿ, ಮಳೆ ನಿಂತ ಮೇಲೆ, ಬೇಸಿಗೆಯಲ್ಲಿ, ಭರತದಲ್ಲಿ, ಇಳಿತದಲ್ಲಿ, ಅಳಿವೆಯ ಬಾಯಿಯಿಂದ ಹಿಡಿದು ಮಿರ್ಜಾನಿನವರೆಗೆ ಬೆಳಕನ್ನೂ ತೂಕವನ್ನೂ ಜೋಡಿ ಜೋಡಿಯಾಗಿ ಕೂಡಿಹಾಕಿ ಗ್ರಾಫಿನ ಮೇಲೆ ಚುಕ್ಕಿ ಇಟ್ಟರೆ, ಚುಕ್ಕಿಗಳ ನಡುವೆ ಎಳೆದ ಗೆರೆಯೇ ತಮ್ಮ ಉಪಕರಣ. ಸೂರ್ಯ, ಫೋನು, ರಟ್ಟು ಎಲ್ಲವೂ ಆ ಗೆರೆಗೆ ಬಿಡಿಭಾಗಗಳು. ಗೆರೆಯನ್ನು ನಾವು ಪೆಟ್ಟಿಗೆಯಲ್ಲಿ ಇಟ್ಟು ಮಾರುವುದಿಲ್ಲ. ಮಾರುವವರಿದ್ದಾರೆ. ಅವರಿಂದ ಕೊಳ್ಳಬೇಡಿ.

ಒಂದೇ ತೂಕ, ಎರಡು ಬೆಳಕು

ಗೆರೆಯ ಸುತ್ತ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಗಾಬರಿಯಾಗಬೇಡಿ, ಉಪಕರಣ ಕೆಟ್ಟಿಲ್ಲ. ಇದು ಉಪ್ಪಿನ ಎರಡನೆಯ ಕಿತಾಪತಿ. ಹೊಳೆ ತರುವ ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿ ತೇಲುತ್ತವೆ. ಉಪ್ಪು ಸ್ವಲ್ಪ ಬೆರೆತರೂ ಸಾಕು, ಆ ತಳ್ಳಾಟ ಸಡಿಲವಾಗಿ, ತಾಗಿದ ಕಣಗಳು ಅಂಟಿಕೊಂಡು ಉಪ್ಪಿಟ್ಟಿನ ರವೆ ಗಂಟು ಕಟ್ಟಿದ ಹಾಗೆ ಗಂಟು ಕಟ್ಟುತ್ತವೆ. ತೂಕ ಅಷ್ಟೇ, ಬೆಳಕಿಗೆ ಎದುರಾಗುವ ಮೈ ಕಡಿಮೆ. ಗಟ್ಟಿ ಗುಂಡುಗಳಾದರೆ ವ್ಯಾಸ ಹತ್ತು ಪಟ್ಟಾದಾಗ ಒಂದೇ ತೂಕದ ಮಣ್ಣಿನ ಒಟ್ಟು ಮೈ ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಗಂಟುಗಳೊಳಗೆ ನೀರೂ ಸೇರಿಕೊಂಡಿರುವುದರಿಂದ ಇಳಿಕೆ ಅಷ್ಟು ಕಡಿದಲ್ಲ, ಆದರೆ ದಿಕ್ಕು ಅದೇ. ಅಳಿವೆಯ ಮೇಲ್ತುದಿಯಲ್ಲಿ ಲೀಟರಿಗೆ 30 ಮಿಲಿಗ್ರಾಂ ಮಣ್ಣು ಕೊಡುವ ಬೆಳಕನ್ನು ಬಾಯಿಯ ಬಳಿ ಅದೇ 30 ಮಿಲಿಗ್ರಾಂ ಕೊಡುವುದಿಲ್ಲ.

ಗಂಟಾದ ಮಣ್ಣು ಬೇಗ ತಳಕ್ಕೆ ಇಳಿಯುತ್ತದೆ, ಇಳಿತದ ಸೆಳೆತ ಜೋರಾದಾಗ ಎದ್ದು ಬರುತ್ತದೆ. ಭಾರವಾದ ಮರಳು ತಳದಲ್ಲೇ ಉರುಳಿಕೊಂಡು ಹೋಗುತ್ತದೆ, ಬೆಳಕಿಗೆ ಅದರ ಸುಳಿವೇ ಇಲ್ಲ. ಮೇಲೆ ಹೊಳೆಯ ಹಗುರ ಸಿಹಿನೀರು ಹರಿಯುವಾಗ ಕೆಳಗಿನಿಂದ ಕಡಲಿನ ಭಾರದ ಉಪ್ಪುನೀರು ನುಸುಳುವುದೂ ಉಂಟು. ಉಪಕರಣ ನೋಡಿದ್ದು ಮೇಲಿನ ಪದರವನ್ನು ಮಾತ್ರ. ಅಳಿವೆಯ ಬಾಯಲ್ಲಿ ಮರಳ ದಿಬ್ಬ ಎಲ್ಲಿ ಏಳುತ್ತದೆ ಎಂಬುದನ್ನು ಈ ಉಪಕರಣದಿಂದ ಕಂಡುಹಿಡಿಯಲು ಹೊರಟವರಿಗೆ ನಮ್ಮ ಸಹಾನುಭೂತಿ ಇದೆ, ಸೇವಾ ಕೇಂದ್ರ ಇಲ್ಲ.

ಡಿಲಕ್ಸ್ ಮಾದರಿ: ಉಪಗ್ರಹ

ದೋಣಿ ಹತ್ತಲು ಮನಸ್ಸಿಲ್ಲದವರಿಗಾಗಿ 720 ಕಿಲೊಮೀಟರ್ ಎತ್ತರದ ಮಾದರಿ ಲಭ್ಯವಿದೆ. 1999ರ ಮೇ 26ರಂದು ಶ್ರೀಹರಿಕೋಟಾದಿಂದ ಹಾರಿದ ಐಆರ್‌ಎಸ್-ಪಿ4ನಲ್ಲಿ ಕಡಲಿನ ಬಣ್ಣ ನೋಡಲೆಂದೇ ಓಸಿಎಂ ಕ್ಯಾಮೆರಾ ಇತ್ತು. 2009ರಲ್ಲಿ ಓಷನ್‌ಸ್ಯಾಟ್-2, 2022ರ ನವೆಂಬರ್‌ನಲ್ಲಿ ಇಒಎಸ್-06 ಅದರ ಹಾದಿ ಹಿಡಿದವು. ಕೊನೆಯದರ ಕ್ಯಾಮೆರಾ ಬೆಳಕನ್ನು 13 ಪಟ್ಟಿಗಳಾಗಿ ನೋಡುತ್ತದೆ. ಮೊದಲನೆಯ ಓಸಿಎಂಗೆ ಕಾಣುತ್ತಿದ್ದ ಅತಿ ಸಣ್ಣ ಚೌಕ 360 ಮೀಟರಿನದು. ನಡುಗಡಲಿಗೆ ಅದು ಧಾರಾಳ. ಅಳಿವೆಯೊಳಗೆ ಅದೇ ಒಂದು ಚೌಕದಲ್ಲಿ ಅರ್ಧ ನೀರು, ಕಾಲು ಮರಳು, ಉಳಿದದ್ದು ಯಾರದೋ ತೆಂಗಿನ ತೋಟ. ಯುರೋಪಿನ ಸೆಂಟಿನೆಲ್-2ರ ಚೌಕ 10 ಮೀಟರಿನದು. ಹೊಳೆಯ ಒಳಗಿನ ಬಗ್ಗಡದ ಎಳೆಗಳೂ ಅದರಲ್ಲಿ ಕಾಣುತ್ತವೆ.

ಮೇಲಿನಿಂದ ನೋಡುವ ಮಾದರಿಯ ತೊಂದರೆ ನಡುವೆ ಇರುವ ಗಾಳಿ. ಕಡಲಿನ ಮೇಲೆ ಉಪಗ್ರಹ ಹಿಡಿಯುವ ನೀಲಿ ಬೆಳಕಿನಲ್ಲಿ ನೂರಕ್ಕೆ ತೊಂಬತ್ತರವರೆಗೆ ವಾತಾವರಣದ್ದೇ. ಅದನ್ನು ಕಳೆಯುವ ಹಳೆಯ ಕ್ರಮ ಸರಳವಾಗಿತ್ತು: ಅವಕೆಂಪಿನಲ್ಲಿ ಕಡಲು ಕಪ್ಪು, ಆದ್ದರಿಂದ ಅಲ್ಲಿ ಕಂಡ ಬೆಳಕೆಲ್ಲ ಗಾಳಿಯ ಧೂಳಿನದು, ಅಷ್ಟನ್ನು ಕಳೆ. ನಡುಗಡಲಿನಲ್ಲಿ ಇದು ಸರಿ. ಅಳಿವೆಯ ಬಗ್ಗಡ ಅವಕೆಂಪಿನಲ್ಲೂ ಹೊಳೆಯುತ್ತದೆ. ಲೆಕ್ಕ ಮಾಡುವ ಕಂಪ್ಯೂಟರ್ ಅದನ್ನು ಗಾಳಿಯ ಧೂಳೆಂದು ತಿಳಿದು ಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತದೆ, ಕೊನೆಗೆ ನೀಲಿಯಲ್ಲಿ ಸೊನ್ನೆಗಿಂತ ಕಡಿಮೆ ಬೆಳಕು ಬಂತು ಎಂದು ಬರೆದುಕೊಡುತ್ತದೆ. ಅಂದರೆ ಕಡಲು ಸೂರ್ಯನಿಗೆ ಬೆಳಕು ಬಾಕಿ ಉಳಿಸಿಕೊಂಡಿದೆ ಎಂದಾಯಿತು. ಇದನ್ನು ಸರಿಪಡಿಸುವ ಹೊಸ ಕ್ರಮಗಳು ಬಂದಿವೆ. ಆದರೂ ಋಣಚಿಹ್ನೆಯ ಬೆಳಕು ಕಂಡಲ್ಲಿ ನಂಬದಿರುವುದು ಕ್ಷೇಮ.

ಮಾರಾಟದ ಜಾಹೀರಾತಿನಲ್ಲಿ ಬರೆಯದ ಸಂಗತಿಯೊಂದನ್ನು ಇಲ್ಲಿ ಬರೆಯಲೇಬೇಕು. ನಮ್ಮ ಹೊಳೆಗಳು ವರ್ಷದ ಮಣ್ಣನ್ನೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಕಡಲಿಗೆ ಸುರಿದು ಮುಗಿಸುತ್ತವೆ. ಅದೇ ತಿಂಗಳುಗಳಲ್ಲಿ ಘಟ್ಟದಿಂದ ಕಡಲವರೆಗೆ ಮೋಡ. ಉಪಗ್ರಹ ತಪ್ಪದೆ ಬಂದು, ತಪ್ಪದೆ ಮೋಡದ ಬೆನ್ನನ್ನು ಅಳೆದು ಹೋಗುತ್ತದೆ. ದೋಣಿ ಎಂದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೊಡ್ಡ ದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ, ಸಣ್ಣವನ್ನು ಆ ನೆರೆಗೆ ಇಳಿಸಲು ಯಾರೂ ಒಪ್ಪುವುದಿಲ್ಲ, ಒಪ್ಪಿಸಲೂ ಬಾರದು. ಹೊಳೆ ಕೆಲಸ ಮಾಡುವಾಗ ಉಪಕರಣಕ್ಕೆ ರಜೆ, ಉಪಕರಣ ಕೆಲಸ ಮಾಡುವಾಗ ಹೊಳೆಗೆ ರಜೆ. ವರ್ಷದ ಸರಾಸರಿ ಬಗ್ಗಡ ಎಂದು ಬಣ್ಣಬಣ್ಣದ ನಕ್ಷೆ ತೋರಿಸುವವರನ್ನು ಕಂಡರೆ, ಅದರಲ್ಲಿ ಜುಲೈ ತಿಂಗಳ ಚಿತ್ರಗಳು ಎಷ್ಟಿವೆ ಎಂದೊಮ್ಮೆ ವಿನಯದಿಂದ ಕೇಳಿ.

ಮಳೆಗಾಲಕ್ಕೆಂದು ಉಳಿಯುವ ದಾರಿ ಸೇತುವೆ. ದೀವಗಿಯಲ್ಲಿ ಹೆದ್ದಾರಿ ಹೊಳೆ ದಾಟುತ್ತದೆ. ಪಾದಚಾರಿಗೆ ಅಡ್ಡಿಯಾಗದಂತೆ ನಿಂತು, ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಸಿ ನೀರೆತ್ತಿ, ಸೋಸಿ. ಮೋಡ ಸಮನಾಗಿ ಕವಿದಿದ್ದರೆ ಬೂದು ರಟ್ಟಿನ ಅಳತೆಯೂ ಒಂದು ಮಟ್ಟಿಗೆ ನಡೆಯುತ್ತದೆ. ಆಕಾಶದ ಪ್ರತಿಬಿಂಬ ಆಗ ದೊಡ್ಡ ಪಾಲು ಕೇಳುತ್ತದೆ, ಅಷ್ಟು ನೆನಪಿಡಿ. ಮಳೆ ಹನಿಯತೊಡಗಿದರೆ ರಟ್ಟನ್ನು ಅಂಗಿಯೊಳಗೆ ಇಡಿ. ಫೋನು ಆಮೇಲೆ.

ತೊಂದರೆಗಳು, ಪರಿಹಾರಗಳು

ಅಳತೆ ಇದ್ದಕ್ಕಿದ್ದಂತೆ ಜಾಸ್ತಿ ಬಂದರೆ: ನೊರೆ ನೋಡಿ. ಅಲೆಯ ನೊರೆ ಎಲ್ಲ ಬಣ್ಣವನ್ನೂ ಹಿಂದಕ್ಕೆ ಕಳಿಸುತ್ತದೆ, ಉಪಕರಣ ಅದನ್ನು ಮಣ್ಣೆಂದೇ ತಿಳಿಯುತ್ತದೆ.

ಅಳತೆ ಜಾಸ್ತಿ ಬಂದು ನೊರೆಯೂ ಇಲ್ಲದಿದ್ದರೆ: ನೀರು ಆಳವಿಲ್ಲ, ತಳ ಕಾಣುತ್ತಿದೆ. ದೋಣಿ ಈಗಾಗಲೇ ಕೆಸರಿನಲ್ಲಿ ಸಿಕ್ಕಿರಬಹುದು. ಮುಂದಿನ ಭರತದವರೆಗೆ ಬಿಡುವು ಇರುವುದರಿಂದ ತೂಕದ ಅಧ್ಯಾಯ ಓದಬಹುದು.

ಬೆಳಕು ಕಡಿಮೆ, ತೂಕ ಹೆಚ್ಚು ಬಂದರೆ: ಕಾಗದದ ಅಂಚು ತೊಳೆದಿಲ್ಲ. ತೊಳೆದಿದ್ದೇನೆ ಎಂದು ವಾದಿಸುವವರು ಒಣಗಿದ ಕಾಗದದ ಅಂಚನ್ನು ಭೂತಗನ್ನಡಿಯಲ್ಲಿ ನೋಡತಕ್ಕದ್ದು. ಹರಳು ಮಿನುಗಿದರೆ ವಾದ ಮುಗಿಯಿತು.

ಬೆಳಕು ಹೆಚ್ಚು, ತೂಕ ಕಡಿಮೆ ಬಂದರೆ: ಹೊಸ ಮಳೆಯ ನಯವಾದ ಜೇಡಿ ಇರಬಹುದು, ಗಂಟು ಕಟ್ಟಲು ಇನ್ನೂ ಉಪ್ಪು ತಾಗಿಲ್ಲ. ಉಪ್ಪಿನಂಶವನ್ನೂ ಅಳೆದು ಪಕ್ಕದಲ್ಲಿ ಬರೆಯಿರಿ. ಬರೆಯದಿದ್ದರೆ ಮುಂದಿನ ವರ್ಷ ಈ ಚುಕ್ಕಿ ಗೆರೆಯಿಂದ ಯಾಕೆ ಹೊರಗಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಫೋನು ನೀರಿಗೆ ಬಿದ್ದರೆ: ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಖಾತರಿ

ಸೂರ್ಯನಿಗೆ ಮತ್ತು ಬೂದು ರಟ್ಟಿಗೆ ಮಾತ್ರ ಪೂರ್ಣ ಖಾತರಿ ಅನ್ವಯ. ಗೆರೆಗೆ ಒಂದು ಹಂಗಾಮಿನ ಖಾತರಿ. ಮೇಲೆ ಗುಡ್ಡ ಕಡಿದರೆ, ರಸ್ತೆ ಅಗಲ ಮಾಡಿದರೆ, ಹೂಳೆತ್ತುವ ಯಂತ್ರ ಬಂದರೆ ಹೊಳೆಯ ಮಣ್ಣಿನ ಜಾತಿಯೇ ಬದಲಾಗುವುದರಿಂದ ಗೆರೆಯನ್ನು ಹೊಸದಾಗಿ ಎಳೆಯತಕ್ಕದ್ದು. ಬೇರೆ ಅಳಿವೆಯ ಗೆರೆ ಬಳಸಿರುವುದು ಕಂಡುಬಂದಲ್ಲಿ ಖಾತರಿ ರದ್ದು. ಆಕಾಶ ಸರಿಯಿಲ್ಲ ಎಂಬ ದೂರುಗಳನ್ನು ಅಕ್ಟೋಬರ್ ನಂತರ, ಸೋಸಿ ಒಣಗಿಸಿದ ಮೂರು ಕಾಗದಗಳ ಸಮೇತ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು.